ದೇವದಾರು, ಹಪುಷೆ ಮತ್ತು ಲವಂಗದ ನೀರು

೧

ಎಲ್ಲಿಂದ ತೊಡಗಲಿ?

ಪೂರ್ವಸೂರಿಗಳಿಗೆ ಈ ಸಂಕಟವಿರಲಿಲ್ಲ. ಅವರು ಮೊದಲು ಜಿನಸ್ತುತಿ ಮಾಡಿ, ವಾಗ್ದೇವಿಯನ್ನು ನೆನೆದು, ಕುಕವಿಗಳಿಗೆ ನಾಲ್ಕು ಮಾತು ಬೈದು, ಆಮೇಲೆ ಜಂಬೂದ್ವೀಪದಿಂದ ಮೆಲ್ಲಗೆ ಇಳಿಯುತ್ತ ಒಂದು ಖಂಡಕ್ಕೆ, ಒಂದು ನಾಡಿಗೆ, ಒಂದು ಪೊಳಲಿಗೆ ಬರುತ್ತಿದ್ದರು. ಅಷ್ಟು ಹೊತ್ತಿಗೆ ಕೇಳುಗನಿಗೆ ಎದ್ದುಹೋಗುವ ಧೈರ್ಯವೇ ಉಳಿಯುತ್ತಿರಲಿಲ್ಲ. ನಾನು ಮೂಡಬಿದಿರೆಯಲ್ಲಿ ಕುಳಿತು ಜಂಬೂದ್ವೀಪದಿಂದ ಹೊರಟೆನಾದರೆ ನಾರಾವಿ ಮುಟ್ಟುವುದರೊಳಗೆ ನೀವು ಮೊಬೈಲ್ ತೆಗೆದಿರುತ್ತೀರಿ.

೧ (ಎರಡನೆಯ ಸಲ)

ಹಾಗಾದರೆ ಮರದಿಂದ ತೊಡಗೋಣ.

‘ದೇವದಾರುವು ಹಿಮವಂತದ ಮರ. ಹಪುಷೆಯೂ ಹಿಮವಂತದ್ದೇ, ಇಂಗ್ಲಿಷ್ ಬಲ್ಲವರು ಮೊದಲನೆಯದನ್ನು ಸೀಡರ್ ಎಂದೂ ಎರಡನೆಯದನ್ನು ಜುನಿಪರ್ ಎಂದೂ ಕರೆಯುತ್ತಾರೆ.’

ಇಷ್ಟು ಬರೆದು ನಿಲ್ಲಿಸಿದೆ. ಸಾಲಿನಲ್ಲಿ ತಪ್ಪೇನೂ ಇಲ್ಲ, ಆದರೆ ಅದನ್ನು ಬರೆದವನು ಈ ಎರಡು ಮರಗಳಲ್ಲಿ ಒಂದನ್ನೂ ಕಂಡವನಲ್ಲ. ವೈದ್ಯ ನಿಘಂಟುಗಳಲ್ಲಿ ಕಂಡಿದ್ದೇನೆ. ಅಲ್ಲಿ ದೇವದಾರು ಕಾಷ್ಠವಾಗಿಯೂ ಹಪುಷೆ ಫಲವಾಗಿಯೂ ಬರುತ್ತವೆ. ಮರವಾಗಿ ನಿಂತ ಭಂಗಿಯಲ್ಲಿ ಎರಡೂ ಬರುವುದಿಲ್ಲ. ವ್ಯಾಖ್ಯಾನಕಾರರು ಪರಸ್ಪರ ಜಗಳವಾಡಿದ್ದಾರೆ. ದಕ್ಷಿಣದವರು ದೇವದಾರು ಎಂಬ ಹೆಸರನ್ನು ಇನ್ನೊಂದು ಮರಕ್ಕೆ ಕೊಟ್ಟು ಕೈತೊಳೆದುಕೊಂಡಿದ್ದಾರೆ. ಇಂಗ್ಲಿಷಿನವರ ಅವಸ್ಥೆಯೂ ಅಷ್ಟೇ: ಅವರ ಪೆನ್ಸಿಲ್ ಸೀಡರ್ ಎಂಬುದು ಸೀಡರ್ ಅಲ್ಲ, ಜುನಿಪರ್. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ, ಈ ಮೂರು ತಾಲೂಕುಗಳ ಯಾವ ಕಾಡಿನಲ್ಲೂ ಇವೆರಡು ಮರಗಳಿಲ್ಲ. ಆದರೂ ಇವುಗಳ ಭೇದ ತಿಳಿಯುವುದರ ಮೇಲೆ ಈ ವರ್ಷ ನಾರಾವಿಯಲ್ಲಿ ಒಬ್ಬರ ಪ್ರಾಣ ನಿಂತಿತು.

(ಈ ಕೊನೆಯ ವಾಕ್ಯದಿಂದಲೇ ತೊಡಗಬೇಕಿತ್ತು ಎಂದು ಈಗ ಹೊಳೆಯಿತು. ಇರಲಿ.)

(ಇನ್ನೊಂದು ತೊಡಕನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಾನು ಅಣುವ್ರತಿ, ಸುಳ್ಳಾಡೆನೆಂದು ಗುರುಸನ್ನಿಧಿಯಲ್ಲಿ ಒಪ್ಪಿಕೊಂಡವನು. ಅಂಥವನು ಕಥೆ ಬರೆಯಬಹುದೇ? ‘ಇದು ಕಥೆ’ ಎಂದು ಮೊದಲೇ ಸಾರಿದರೆ ದೋಷವಿಲ್ಲವೆಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡಿದ್ದೇನೆ. ಇದು ಕಥೆ. ಸಾರಿದ್ದಾಯಿತು.)

೨

ಪಾತ್ರಗಳು ಮೂವರು. ನಾಲ್ಕನೆಯವನು ನಾನು, ಹೊರಗೆ ನಿಂತು ಬರೆಯುತ್ತೇನೆಂದು ಬಂದವನನ್ನು ಒಳಗೆ ಎಳೆದುಕೊಂಡರು.

ಶಾಂತಿರಾಜರು ನಾರಾವಿಯವರು. ಬಂಟ್ವಾಳದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಹಿಮಾಚಲದ ಕಣಿವೆಗಳಿಗೆ ಕರೆದೊಯ್ದು, ಮರದ ಎದುರು ನಿಲ್ಲಿಸಿ, ‘ಹೆಸರು ಆಮೇಲೆ. ಮೊದಲು ನೋಡಿ’ ಎನ್ನುತ್ತಿದ್ದರಂತೆ. ನಿವೃತ್ತಿಯಾದ ಮೇಲೆ ಸಂಸಾರ ಬಿಟ್ಟು ದೀಕ್ಷೆ ಪಡೆದರು. ಈಗ ಅವರು ದಿಗಂಬರ ಮುನಿ. ದೀಕ್ಷಾನಾಮವನ್ನು ಕಥೆಯೊಳಗೆ ತರಲು ನನಗೆ ಮನಸ್ಸಿಲ್ಲ; ಮುನಿಶ್ರೀ ಎನ್ನುತ್ತೇನೆ. ಈ ಮಳೆಗಾಲದ ಚಾತುರ್ಮಾಸಕ್ಕೆ ಘಟ್ಟದ ಮೇಲಿನಿಂದ ನಡೆದು ಬಂದು ಹುಟ್ಟೂರಿನ ಬಸದಿಯ ಪಕ್ಕದ ಕೋಣೆಯಲ್ಲಿ ನೆಲೆಸಿದರು.

ಯಶೋಧಮ್ಮ ಅವರ ತಂಗಿ. ತಂಗಿ ಎಂದು ನಾನು ಹೇಳಬಹುದು, ಮುನಿಶ್ರೀ ಹೇಳುವಂತಿಲ್ಲ. ಬಿಟ್ಟ ಸಂಬಂಧಗಳಲ್ಲಿ ಅದೂ ಒಂದು. ಆಕೆಯೂ ಅವರನ್ನು ಅಣ್ಣ ಎನ್ನುವಂತಿಲ್ಲ. ಏಳು ಮೊಳ ದೂರ ನಿಂತು ‘ನಮೋಸ್ತು’ ಎನ್ನುತ್ತಾರೆ. ಆದರೆ ಆ ‘ನಮೋಸ್ತು’ವಿನಲ್ಲಿ ‘ಸರಿಯಾಗಿ ತಿಂದಿರಾ?’ ಎಂಬ ಪ್ರಶ್ನೆ ಇರುತ್ತದೆ. ನಾನು ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ.

ಜುಲೈಕಾ ಅವರ ಶಿಷ್ಯೆ. ಈಗ ಅದೇ ಬಂಟ್ವಾಳದಲ್ಲಿ ಅದೇ ವಿಷಯ ಕಲಿಸುತ್ತಾಳೆ. ಗುರುಗಳ ಹಿಮಾಚಲದ ಪ್ರವಾಸವನ್ನೂ ಮುಂದುವರಿಸಿದ್ದಾಳೆ. ಊರೆಲ್ಲ ಮುನಿಶ್ರೀ ಎಂದರೂ ಅವಳಿಗೆ ಅವರು ಇನ್ನೂ ‘ನಮ್ಮ ಸರ್’.

ಇನ್ನು ಸಂಗತಿ. ಮುನಿಶ್ರೀಯವರ ಕಣ್ಣಿನ ಪರದೆಯ ನಡುಭಾಗ ಸವೆದಿದೆ. ಬಂದು ನೋಡಿದ ವೈದ್ಯರು, ಅಂಚಿನಲ್ಲಿ ಕಾಣುತ್ತದೆ, ನಡುವೆ ಮಸುಕು, ಎಷ್ಟು ಉಳಿದಿದೆಯೆಂದು ಅವರೇ ಹೇಳಬೇಕು, ಉಳಿದದ್ದೂ ನಿಲ್ಲದು ಎಂದರು. ನಿಮಗೂ ನನಗೂ ಇದು ಬರಿಯ ಕಣ್ಣಿನ ಕಾಯಿಲೆ. ಮುನಿಗೆ ಹಾಗಲ್ಲ. ಒಂದು ನೊಗದಷ್ಟು ಮುಂದಿನ ನೆಲವನ್ನು ನೋಡಿ, ಜೀವಿಯಿಲ್ಲವೆಂದು ತಿಳಿದ ಮೇಲೆ ಹೆಜ್ಜೆಯಿಡಬೇಕು. ಅಂಗೈಯಲ್ಲಿ ಬಿದ್ದ ತುತ್ತನ್ನು ನೋಡಿ ಉಣ್ಣಬೇಕು. ನೊಗದಷ್ಟು ನೆಲವೂ ಅಂಗೈಯೂ ದೃಷ್ಟಿಯ ನಡುವಿನಲ್ಲಿಯೇ ಇರುವಂಥವು. ನಡೆಯಲಾರದ, ಉಣ್ಣಲಾರದ ಮುನಿಗೆ ಉಳಿದಿರುವುದು ಗುರುಗಳಲ್ಲಿ ಸಲ್ಲೇಖನವನ್ನು ಬೇಡುವುದು. ಆಹಾರವನ್ನು ಮೆಲ್ಲನೆ ತೊರೆದು, ಎಚ್ಚರದಲ್ಲಿಯೇ ದೇಹ ಬಿಡುವುದು.

ಮುನಿಶ್ರೀ ಆಗಲೇ ಹೇಳಿಯೂ ಬಿಟ್ಟಿದ್ದರು: “ನನ್ನ ಕೈಯ ಅನ್ನ ನನಗೆ ಕಾಣದ ದಿನ ಕೇಳಿಕೊಳ್ಳುತ್ತೇನೆ.”

ಘಟ್ಟದಾಚೆಯಲ್ಲಿದ್ದ ಆಚಾರ್ಯರು ಅವಸರದವರಲ್ಲ. ಕಾಣುತ್ತದೆಯೋ ಇಲ್ಲವೋ ಎಂಬುದನ್ನು ಊರಿನ ಶ್ರಾವಕರು ಪರೀಕ್ಷಿಸಲಿ, ಮೂಡಬಿದಿರೆಯ ಪಂಡಿತರು ಸಾಕ್ಷಿಯಾಗಿದ್ದು ತಿಳಿಸಲಿ, ಚಾತುರ್ಮಾಸ ಮುಗಿಯುವುದರೊಳಗೆ ತಿಳಿಸಲಿ ಎಂದು ಹೇಳಿಕಳುಹಿಸಿದರು.

ಆ ಪಂಡಿತ ನಾನು.

೩ (ಕೈಬಿಟ್ಟ ಕರಡು)

ಮೊದಲ ಡ್ರಾಫ್ಟಿನಲ್ಲಿ ನಾನು ಒಂದು ಉಪಾಯ ಮಾಡಿದ್ದೆ. ಕಥೆಗಾರನಿಗೆ ಮರ ನೆಡುವ ಅಧಿಕಾರವಿದೆಯಲ್ಲವೇ? ಚಾರ್ಮಾಡಿಯ ಮೂರನೆಯ ತಿರುವಿನ ಮೇಲೆ ಒಂದು ದೇವದಾರುವನ್ನೂ, ಅದರ ಪಕ್ಕದ ಬಂಡೆಯಲ್ಲಿ ಒಂದು ಹಪುಷೆಯನ್ನೂ ನೆಟ್ಟೆ. ಮುನಿಶ್ರೀ ವಿಹಾರ ಹೊರಟು ಅಲ್ಲಿ ನಿಂತು, ದೂರದಿಂದಲೇ ಕೈತೋರಿ, ಇದು ಇದು, ಅದು ಅದು ಎಂದು ಹೇಳಿಬಿಡುತ್ತಿದ್ದರು. ಕಥೆ ಒಂದೇ ಪುಟದಲ್ಲಿ ಮುಗಿಯುತ್ತಿತ್ತು.

ಜುಲೈಕಾ ಓದಿ ನಕ್ಕಳು.

“ಪಂಡಿತರೇ, ನಮ್ಮ ಮಳೆಗೆ ದೇವದಾರು ಒಂದೇ ವರ್ಷಕ್ಕೆ ಕೊಳೆತು ಹೋಗ್ತದೆ.”

“ಕಥೆಯಲ್ಲಿ ಮಳೆ ನಿಲ್ಲಿಸುತ್ತೇನೆ.”

“ಚಾರ್ಮಾಡಿಯಲ್ಲಿ? ನೀವು ಮುನಿಗಳಿಗೆ ಕಣ್ಣು ಕೊಟ್ಟರೂ ನಂಬ್ತಾರೆ ಜನ, ಇದನ್ನು ನಂಬುದಿಲ್ಲ ಮಾರಾಯ್ರೆ.”

“ಪುರಾಣದಲ್ಲಿ ಕಲ್ಪವೃಕ್ಷವನ್ನು ನಂಬುತ್ತಾರೆ.”

“ಕಲ್ಪವೃಕ್ಷಕ್ಕೆ ಯಾವ ಹವೆ ಬೇಕೆಂದು ಯಾರಿಗೂ ಗೊತ್ತಿಲ್ಲ. ಹಾಗಾಗಿ ನಡೀತದೆ. ದೇವದಾರಿಂದು ನನಗೆ ಗೊತ್ತುಂಟು. ಕಿತ್ತು ಹಾಕಿ ಅದನ್ನು.”

ಕಿತ್ತುಹಾಕಿದೆ. ಹಸುರು ಮರವನ್ನು ಕಿತ್ತ ದೋಷ ನನಗೆ ಎಷ್ಟು ತಟ್ಟುತ್ತದೆಯೋ ತಿಳಿಯದು. ಕಾಗದದ ಮರ ಸಚಿತ್ತವೋ ಅಚಿತ್ತವೋ, ಜೀವವುಳ್ಳದ್ದೋ ಇಲ್ಲದ್ದೋ ಎಂಬ ವಿಚಾರ ಯಾವ ಟೀಕೆಯಲ್ಲಿಯೂ ಸಿಗಲಿಲ್ಲ. ಎರಡು ದಿನ ಹುಡುಕಿದೆ. (ಕಥೆ ಬರೆಯಬೇಕಾದ ದಿನಗಳವು.)

೪

ಮರಗಳನ್ನು ಪರೀಕ್ಷೆಗೆ ತಂದವರು ಯಶೋಧಮ್ಮ. “ಅವರಿಗೆ ಅಕ್ಷರ ತೋರಿಸುವುದು ಬೇಡ, ಬೆರಳು ಎಣಿಸುವುದೂ ಬೇಡ. ಜೀವನವಿಡೀ ನೋಡಿದ್ದನ್ನೇ ತೋರಿಸುವ. ದೇವದಾರು ಯಾವುದು, ಆ ಇನ್ನೊಂದು ಯಾವುದು ಹೇಳಿದ್ರೆ ಕಣ್ಣುಂಟು ಅಂತ ಲೆಕ್ಕ” ಎಂದರು. ನ್ಯಾಯವಾಗಿಯೇ ಕೇಳಿಸಿತು. ಒಪ್ಪಿದೆ. ಜುಲೈಕಾ ಆ ವಾರ ವಿದ್ಯಾರ್ಥಿಗಳೊಂದಿಗೆ ಹಿಮಾಚಲದ ಕಿನ್ನೌರಿಗೆ ಹೋಗುವವಳಿದ್ದಳು. ಎರಡರ ರೆಂಬೆಗಳನ್ನೂ ತರುತ್ತೇನೆಂದಳು.

ತಂದಳು. ಒದ್ದೆ ಕಾಗದದಲ್ಲಿ ಸುತ್ತಿ, ತಿಂಡಿಯ ಬಾಕ್ಸಿನಲ್ಲಿಟ್ಟು, ಬಂಟ್ವಾಳದಿಂದ ಬಸ್ಸು ಹಿಡಿದು ನಾರಾವಿಗೆ ಬಂದು ಯಶೋಧಮ್ಮನ ಅಡುಗೆಮನೆಯಲ್ಲಿ ಬಿಚ್ಚಿದಳು. ನಾನೂ ಇದ್ದೆ. ಆಗ ಅವಳು ಹೇಳಿದ್ದನ್ನು, ಅವಳ ಗುರುಗಳು ಹಿಂದೆ ಹೇಳುತ್ತಿದ್ದುದನ್ನು, ನನಗೆ ಅರ್ಥವಾದಷ್ಟು ಬರೆಯುತ್ತೇನೆ.

ದೂರದಿಂದ ನೋಡಿದರೆ ದೇವದಾರುವಿನ ಕೊಂಬೆಗಳು ಅಟ್ಟಗಳ ಹಾಗೆ ಪದರ ಪದರವಾಗಿ ಅಡ್ಡಲಾಗಿ ಚಾಚಿರುತ್ತವೆ. ಎಳೆಯ ಮರದ ತುದಿ ನಮಸ್ಕರಿಸಿದಂತೆ ಬಾಗಿರುತ್ತದೆ. ಹಪುಷೆಗೆ ಅಂಥ ಶಿಸ್ತಿಲ್ಲ. ಬೇರೆ ಮರ ಬದುಕಲೊಲ್ಲದ ಒಣ ಬಂಡೆಯಲ್ಲಿ ಮುದ್ದೆಯಾಗಿ, ತಿರುಚಿಕೊಂಡು, ಬೇಕಾದ ಹಾಗೆ ಬೆಳೆದಿರುತ್ತದೆ. ಹತ್ತಿರ ಹೋದರೆ ದೇವದಾರುವಿನ ಸೂಜಿಯೆಲೆಗಳು ಗಿಡ್ಡ ಗಂಟುಗಳ ಮೇಲೆ ಕುಚ್ಚು ಕುಚ್ಚಾಗಿರುತ್ತವೆ. ಹಪುಷೆಯ ಎಲೆ ಮೀನಿನ ಹುರುಪೆಯಂತೆ ರೆಂಬೆಗೆ ಒತ್ತಿಕೊಂಡಿರುತ್ತದೆ. ದೇವದಾರುವಿನ ಕಾಯಿ ಕೊಂಬೆಯ ಮೇಲೆ ನೆಟ್ಟಗೆ ಕುಳಿತು ಅಲ್ಲಿಯೇ ಬಿಚ್ಚಿ ಉದುರುತ್ತದೆ. ಹಪುಷೆಯದು ಕರಿಮೆಣಸಿನಂತೆ ಗುಂಡಗೆ, ಮೇಲೆ ನೀಲಿ ಬೂದಿ ಸವರಿದಂತೆ.

“ಆದರೆ ಮೋಸ ಒಂದುಂಟು,” ಎಂದಳು ಜುಲೈಕಾ. “ಜುನಿಪರಿನ ಎಳೆಯ ರೆಂಬೆಯಲ್ಲಿ ಹುರುಪೆ ಇರುವುದಿಲ್ಲ, ಮುಳ್ಳಿನ ಹಾಗೆ ಸೂಜಿಯೇ ಇರುತ್ತದೆ. ಒಂದೇ ಮರದಲ್ಲಿ ಎರಡೂ. ಅದನ್ನು ಹಿಡ್ಕೊಂಡು ಬಂದು ‘ಸರ್, ದೇವದಾರು’ ಅಂತ ಹೇಳಿ ಪ್ರತಿ ವರ್ಷ ಯಾರಾದ್ರೂ ಒಬ್ಬರು ಬೈಗುಳ ತಿನ್ನುವುದು. ಒಂದು ವರ್ಷ ನಾನೇ. ಅದೂ ತಂದಿದ್ದೇನೆ, ನಿಮಗೆ ತೋರಿಸುವ ಅಂತ.”

ಹೀಗೆ ಬಾಕ್ಸಿನಲ್ಲಿ ಮೂರು ರೆಂಬೆಗಳಿದ್ದವು: ದೇವದಾರುವಿನದೊಂದು, ಹಪುಷೆಯ ಬೆಳೆದದ್ದೊಂದು, ಎಳೆಯದ್ದೊಂದು. ಯಶೋಧಮ್ಮ ಒಂದೊಂದನ್ನೇ ತೆಗೆದು ಮೂಸಿದರು. ಎಲೆಯನ್ನು ನೋಡಲಿಲ್ಲ, ಮೂಸಿದರು.

“ವಾಸನೆ ಬೇರೆ ಬೇರೆ ಉಂಟಲ್ಲ?” ಎಂದು ಕೇಳಿದರು.

“ಉಂಟು. ದೇವದಾರು ಸ್ವಲ್ಪ ಸಿಹಿ. ಇದು ಖಾರ. ಏಕೆ?”

“ಸುಮ್ಮನೆ.”

ಜುಲೈಕಾ ಅವರನ್ನೇ ನೋಡಿದಳು. ಆಮೇಲೆ ಮೆಲ್ಲಗೆ, “ಯಶೋಧಕ್ಕ, ಇದು ಕಾಪಿ,” ಎಂದಳು.

“ಎಂತ ಕಾಪಿ?”

“ಕಣ್ಣಿಗೆ ಕಾಣದಿದ್ರೂ ಮೂಗಿಗೆ ಗೊತ್ತಾಗ್ತದೆ ಅಂತ ನೀವು ಈ ಮರ ಆರಿಸಿದ್ದು. ನಮ್ಮ ಸರ್ ಕಾಪಿ ಹೊಡೆದವರನ್ನು ಪರೀಕ್ಷೆಯ ಹಾಲಿನಿಂದ ಹೊರಗೆ ಹಾಕ್ತಿದ್ರು.”

“ಕಾಪಿ ಅಲ್ಲ ಮಗಾ. ಗ್ರೇಸ್ ಮಾರ್ಕ್ಸ್.”

(ಇಬ್ಬರೂ ಆಡಿದ್ದು ತುಳುವಿನಲ್ಲಿ. ನಾನು ಕನ್ನಡಕ್ಕೆ ತಂದಾಗ ಯಶೋಧಮ್ಮನ ಧ್ವನಿಯಲ್ಲಿದ್ದ ಕಂಪನ ದಾರಿಯಲ್ಲಿ ಬಿದ್ದುಹೋಗಿದೆ; ಓದುಗರು ಸೇರಿಸಿಕೊಳ್ಳಬೇಕು.)

ಸಾಕ್ಷಿಯಾದ ನಾನು ಆಗಲೇ ಎದ್ದು ನಿಂತು ‘ಇದು ಸಲ್ಲದು’ ಎನ್ನಬೇಕಿತ್ತು ಎಂದು ನೀವು ಹೇಳುತ್ತೀರಿ. ನಾನು ಹಾಗೆ ಹೇಳಿದೆನೆಂದು ಒಂದು ಡ್ರಾಫ್ಟಿನಲ್ಲಿ ಬರೆದೂ ನೋಡಿದೆ. ಯಶೋಧಮ್ಮ ಅದನ್ನು ಓದಿ, “ನೀವು ಆಗ ಬಾಳೆಹಣ್ಣಿನ ಹಲ್ವ ತಿಂತಾ ಇದ್ರಿ ಪಂಡಿತರೇ. ಬಾಯಿಯಲ್ಲಿ ಮಾತಾಡ್ಲಿಕ್ಕೆ ಜಾಗ ಇರ್ಲಿಲ್ಲ,” ಎಂದರು. ಅದು ನಿಜ.

೫

ಮರುದಿನ ಮಧ್ಯಾಹ್ನ ಪರೀಕ್ಷೆ. ಜುಲೈಕಾ ಬಂಟ್ವಾಳದಲ್ಲಿ ಪಾಠ ಬಿಟ್ಟು ಬರುವಂತಿರಲಿಲ್ಲ.

ಮುನಿಶ್ರೀ ಹಲಗೆಯ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ನವಿಲುಗರಿಯ ಪಿಂಛಿ, ಕಮಂಡಲು. ಸ್ತ್ರೀಯರು ಹತ್ತಿರ ಹೋಗುವಂತಿಲ್ಲವಾದ್ದರಿಂದ ರೆಂಬೆಗಳನ್ನು ಹಿಡಿಯುವ ಕೆಲಸ ನನಗೆ ಬಂತು. ಯಶೋಧಮ್ಮ ಬಾಗಿಲ ಬಳಿ ನನಗೆ ಎರಡು ಸ್ಟೀಲ್ ತಟ್ಟೆಗಳನ್ನು ಕೊಟ್ಟರು. ಒಂದೊಂದರಲ್ಲಿ ಒಂದೊಂದು ರೆಂಬೆ. ಎರಡೂ ತುಸು ಬಾಡಿದಂತಿದ್ದವು. ಕೊಡುವಾಗ ಆಕೆಯ ಕೈ ತಟ್ಟೆಯನ್ನು ಬಿಡಲಿಲ್ಲ, ನಾನು ಎಳೆದುಕೊಳ್ಳಬೇಕಾಯಿತು.

“ನಮೋಸ್ತು.”

“ಸದ್ಧರ್ಮವೃದ್ಧಿರಸ್ತು. ಪಂಡಿತರೋ? ಬನ್ನಿ. ಲವಂಗದ ವಾಸನೆ ಬರುತ್ತಿದೆಯಲ್ಲ. ಯಾರಿಗೆ ಹಲ್ಲುನೋವು?”

ನಾನು ನಕ್ಕೆ. ಬಾಗಿಲ ಬಳಿ ಯಾರೂ ನಗಲಿಲ್ಲ.

ನಾನು ತಟ್ಟೆಗಳನ್ನು ಬೆಳಕಿಗೆ ಹಿಡಿದೆ. ಎಲೆ ಪ್ರಾಸುಕವಾಗಿದೆ, ಎಂದರೆ ಜೀವ ಕಳೆದಿದೆ, ಮುಟ್ಟಲು ಅಡ್ಡಿಯಿಲ್ಲವೆಂದು ಯಶೋಧಮ್ಮ ಅಲ್ಲಿಂದಲೇ ಹೇಳಿದರು. ಮುನಿಶ್ರೀ ಕೈ ಚಾಚಲಿಲ್ಲ. “ಪ್ರಶ್ನೆ ಕಣ್ಣಿಗೆ ಕೇಳಿದ್ದು. ಕೈ ಏಕೆ ಉತ್ತರ ಕೊಡಬೇಕು?” ಎಂದರು.

ನಾನು ಶಾಸ್ತ್ರೋಕ್ತವಾಗಿ ಕೇಳಿದೆ: “ಇವೆರಡರಲ್ಲಿ ಒಂದು ದೇವದಾರು, ಒಂದು ಹಪುಷೆ. ಯಾವುದು ಯಾವುದು?”

ಅವರು ಮುಖವನ್ನು ಓರೆ ಮಾಡಿದರು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಕಾಣುವ ಅಂಚಿನೊಳಗೆ ಆ ಪುಟ್ಟ ರೆಂಬೆಯನ್ನು ತಂದುಕೊಳ್ಳಲು ಹುಡುಕಾಡುವ ಹಾಗೆ. ಹೊರಗೆ ಯಾರದೋ ಬೈಕು ಸ್ಟಾರ್ಟ್ ಆಗದೆ ಮತ್ತೆ ಮತ್ತೆ ಗುಡುಗುತ್ತಿತ್ತು. ಅದು ಹೊರಟುಹೋದ ಮೇಲೆ ಅವರು ಹೇಳಿದರು:

“ಎಡಗಡೆಯದು ಸೂಜಿಯೆಲೆ. ದೇವದಾರು. ಬಲಗಡೆಯದು ಹಪುಷೆ.”

ನನಗೆ ಎಷ್ಟು ಸಂತೋಷವಾಯಿತೆಂದರೆ ತಟ್ಟೆಗಳು ಒಂದಕ್ಕೊಂದು ತಾಗಿ ಸದ್ದಾದವು. ಸೂಜಿಯೆಂದರೆ ದೇವದಾರು, ಹುರುಪೆಯೆಂದರೆ ಹಪುಷೆ. ನಿನ್ನೆ ತಾನೇ ಕೇಳಿದ್ದೆ. ಕಣ್ಣುಂಟು! ತಿರುಗಿ ಯಶೋಧಮ್ಮನನ್ನು ನೋಡಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು, ಕಣ್ಣು ತುಂಬಿತ್ತು. ಆನಂದಬಾಷ್ಪವೆಂದು ಬಗೆದೆ.

(ಕಥೆ ಇಲ್ಲಿಗೆ ನಿಂತಿದ್ದರೆ ಇದು ಸುಖಾಂತ. ಸುಖಾಂತವೇ ಬೇಕಾದವರು ಇಲ್ಲಿಂದ ಎದ್ದುಹೋಗಬಹುದು. ನಾನೂ ಹೋಗಬೇಕೆಂದಿದ್ದೆ.)

೬

ಜುಲೈಕಾಗೂ ಸಂತೋಷವಾಗಲೆಂದು ಎರಡು ತಟ್ಟೆಗಳ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳುಹಿಸಿದೆ. ‘ಉತ್ತೀರ್ಣ’ ಎಂದು ಕೆಳಗೆ ಬರೆದೆ. ನಾನು ಹತ್ತಿದ್ದ ಮೂಡಬಿದಿರೆಯ ಬಸ್ಸು ಹೊಸ್ಮಾರು ದಾಟುವುದರೊಳಗೆ ಅವಳ ಕರೆ ಬಂತು.

“ಪಂಡಿತರೇ, ದೇವದಾರು ಎಲ್ಲುಂಟು?”

“ಎಡಗಡೆಯ ತಟ್ಟೆಯಲ್ಲಿ.”

“ಅದು ದೇವದಾರಲ್ಲ. ಎರಡೂ ಜುನಿಪರ್. ಎಡದ್ದು ಎಳೆಯ ರೆಂಬೆ. ಕುಚ್ಚು ಎಲ್ಲುಂಟು ನೋಡಿ? ಗಂಟು ಎಲ್ಲುಂಟು?”

ನಾನು ಫೋಟೊವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಹಿಗ್ಗಿಸಿದಷ್ಟೂ ಅದು ಹಸುರು ಚೌಕಗಳಾಯಿತು. ಬಸ್ಸಿನಿಂದ ಇಳಿದು, ಎದುರಿನ ಬಸ್ಸು ಹತ್ತಿ ನಾರಾವಿಗೆ ಮರಳಿದೆ.

ಯಶೋಧಮ್ಮ ನನ್ನನ್ನು ಕಂಡೊಡನೆ ಏನೂ ಕೇಳದೆ ಒಲೆಯ ಪಕ್ಕದ ಪಾತ್ರೆಯ ಮುಚ್ಚಳ ತೆಗೆದರು. ಒಳಗೆ ಕಂದುಬಣ್ಣದ ನೀರು, ಲವಂಗದ ಪುಡಿ. ತಳದಲ್ಲಿ ಕೂದಲಿನಂತೆ ಉದುರಿ ಬಿದ್ದ ಸೂಜಿಯೆಲೆಗಳು. ಅವುಗಳ ನಡುವೆ ಬೋಳು ಕಡ್ಡಿಯೊಂದು.

ನಡೆದದ್ದಿಷ್ಟು. ಹಸುರನ್ನು ಹಾಗೆಯೇ ಮುನಿಗಳ ಎದುರು ಹೇಗೆ ಇಡುವುದು? ಕುಡಿಯುವ ನೀರನ್ನು ಪ್ರಾಸುಕ ಮಾಡುವ ಹಾಗೆ ಆಕೆ ಬೆಳಿಗ್ಗೆ ಎದ್ದು, ಮಿಂದು, ನೀರು ಕುದಿಸಿ, ಲವಂಗದ ಪುಡಿ ಹಾಕಿ, ಆ ನೀರಿನಲ್ಲಿ ದೇವದಾರುವನ್ನೂ ಹಪುಷೆಗಳನ್ನೂ ಅದ್ದಿದ್ದಾರೆ. ಜೀವನವಿಡೀ ಮಾಡುತ್ತ ಬಂದದ್ದು. ಕೈ ಯೋಚಿಸದೆಯೇ ಮಾಡಿದೆ. ಯಾವ ವಾಸನೆಯನ್ನು ನಂಬಿ ಇಷ್ಟೆಲ್ಲ ಹೂಡಿದ್ದರೋ ಆ ವಾಸನೆ ಅಲ್ಲಿಗೆ ಹೋಯಿತು. ದಾರಿಯಲ್ಲಿಯೇ ಸಡಿಲಾಗಿದ್ದ ದೇವದಾರುವಿನ ಎಲೆಗಳು ಬಿಸಿನೀರಿಗೆ ಒಟ್ಟಿಗೆ ಕಳಚಿಕೊಂಡವು. ಗಾಬರಿಯಲ್ಲಿ ಆ ಬೋಳು ಕಡ್ಡಿಯ ಬದಲಿಗೆ ಎಳೆಯ ರೆಂಬೆಯನ್ನು ತಟ್ಟೆಯಲ್ಲಿಟ್ಟರು.

“ಭಕ್ತಿ ನನಗೆ ಇಷ್ಟು ಬೇಕಿತ್ತಾ ಪಂಡಿತರೇ?” ಎಂದರು. “ಸ್ವಲ್ಪ ಕಮ್ಮಿ ಇದ್ದಿದ್ರೆ ಅವರು ಬದುಕ್ತಿದ್ರು.”

ಈ ಮಾತಿಗೆ ಉತ್ತರವಾಗಿ ನಾನು ಒಂದು ಗಾಹೆಯನ್ನು, ಪ್ರಾಕೃತದ ಪದ್ಯವನ್ನು, ನೆನೆದೆ. ನಾಲಗೆಯ ತುದಿಗೂ ಬಂತು. ನುಂಗಿಕೊಂಡು ಪಾತ್ರೆಯ ಮುಚ್ಚಳ ಮುಚ್ಚಿದೆ.

೭

ಇಲ್ಲಿಂದ ಮುಂದೆ ಕಥೆ ನನ್ನ ಕೈಯಲ್ಲಿಲ್ಲ. ಪಾತ್ರಗಳು ನನ್ನ ಮುಂದೆ ಕುಳಿತಿವೆ. ಜುಲೈಕಾ ಫೋನಿನ ಸ್ಪೀಕರಿನಲ್ಲಿದ್ದಾಳೆ. ಆಚಾರ್ಯರಿಗೆ ನಾನು ತಿಳಿಸಬೇಕು. ಏನೆಂದು?

“ಕಂಡಿತು ಅಂತ ಹೇಳಿ,” ಎಂದರು ಯಶೋಧಮ್ಮ. “ಅವರು ಉತ್ತರ ಕೊಟ್ಟದ್ದು ಹೌದಲ್ಲ?”

“ಉತ್ತರ ತಪ್ಪು.”

“ತಪ್ಪೆಂದು ಯಾರಿಗೆ ಗೊತ್ತುಂಟು? ನನಗೆ, ನಿಮಗೆ, ಈ ಜುಲೈಕಾಗೆ.”

“ಮೂವರು ಸಾಲದೇ?”

“ನೀವು ಕಥೆ ಬರೆಯುವವರಲ್ವಾ? ಒಂದು ರೆಂಬೆ ಬದಲಿಸ್ಲಿಕ್ಕೆ ನಿಮಗೆ ಎಂತ ಕಷ್ಟ? ನಾನು ಅಡುಗೆಮನೆಯಲ್ಲಿ ಬದಲಿಸಿದ್ದನ್ನು ನೀವು ಕಾಗದದಲ್ಲಿ ವಾಪಸ್ ಬದಲಿಸಿ.”

ಬದಲಿಸಿ ನೋಡುತ್ತೇನೆ.

ಮೊದಲ ಮುಕ್ತಾಯ. ‘ಕಂಡಿತು’ ಎಂದು ತಿಳಿಸಿದೆ. ಚಾತುರ್ಮಾಸ ಮುಗಿಯಿತು. ಮುನಿಶ್ರೀ ಪಿಂಛಿ ಹಿಡಿದು ಚಾರ್ಮಾಡಿಯ ದಾರಿ ಹಿಡಿದರು. ಬೆಳಗಿನ ಹೊತ್ತು. ಬಲಗಾಲು ಎತ್ತಿದ್ದಾರೆ. ನೊಗದಷ್ಟು ಮುಂದೆ, ದೃಷ್ಟಿಯ ನಡುವಿನ ಮಸುಕಿನಲ್ಲಿ, ಇರುವೆಗಳ ಸಾಲೊಂದು ದಾರಿ ದಾಟುತ್ತಿದೆ. ಇಲ್ಲಿ ನಿಲ್ಲಿಸಿದೆ. ಕಾಲು ಇಳಿಸಲು ನನ್ನಿಂದಾಗಲಿಲ್ಲ. ಇರುವೆಯನ್ನು ಬರೆಯದಿದ್ದರೆ ಅದು ಅಲ್ಲಿರುತ್ತಿರಲಿಲ್ಲ, ಆದರೆ ಬರೆದಾಗಿದೆ. ಹೊಡೆದುಹಾಕಿದರೆ ಅದನ್ನು ಕೊಂದವನು ನಾನೇ. ಜೀವವನ್ನೇ ಮೆಟ್ಟೆನೆಂದು ಮನೆ ಬಿಟ್ಟವರನ್ನು, ಅವರಿಗೇ ತಿಳಿಯದಂತೆ, ಮೆಟ್ಟುವ ಹಾಗೆ ಮಾಡುವುದು ಪ್ರೀತಿಯೇ? ಯಶೋಧಮ್ಮ ಓದಿ ಕಾಗದವನ್ನು ಮಗುಚಿಟ್ಟರು.

ಎರಡನೆಯ ಮುಕ್ತಾಯ. ‘ಕಾಣಲಿಲ್ಲ’ ಎಂದು ತಿಳಿಸಿದೆ. ಆಚಾರ್ಯರು ಅನುಮತಿ ಕೊಟ್ಟರು. ನಾರಾವಿಯ ಆ ಕೋಣೆಯಲ್ಲಿ ಹಲಗೆಯ ಮೇಲೆ ದರ್ಭೆ ಹಾಸಿ—

“ಅದನ್ನು ಬರೆದ್ರೆ ನಿಮ್ಮ ಕೈ ಮುರೀತೇನೆ ನೋಡಿ. ಪಂಡಿತರಾದ್ರೂ ಸರಿ,” ಎಂದು ಯಶೋಧಮ್ಮ ತಡೆದರು.

“ಅಮ್ಮಾ, ಅದು ಮಹಾಮಂಗಳ. ಅಂಥ ಮರಣಕ್ಕಾಗಿ ನಾನು ನಿತ್ಯ ಪ್ರಾರ್ಥಿಸುತ್ತೇನೆ.”

“ನಿಮಗೆ ಪ್ರಾರ್ಥಿಸಿ. ನನಗೂ ಪ್ರಾರ್ಥಿಸಿ. ಅವರಿಗೆ ಬೇಡ.” ಮಗುಚಿಟ್ಟ ಕಾಗದವನ್ನು ನನ್ನತ್ತ ತಳ್ಳಿ, “ನನಗೆ ಧರ್ಮ ಗೊತ್ತಿಲ್ಲ ಅಂತ ಅಲ್ಲ ಪಂಡಿತರೇ. ಗೊತ್ತುಂಟು.” ಎಂದರು.

ಮೂರನೆಯ ಮುಕ್ತಾಯ. ಇದು ಸ್ಪೀಕರಿನಿಂದ ಬಂದದ್ದು.

“ಇಬ್ಬರೂ ಕೇಳಿ. ಈ ಟೆಸ್ಟೇ ಕ್ಯಾನ್ಸಲ್. ಪಂಡಿತರೇ, ನೀವು ಎಂತ ಕೇಳಿದ್ದು? ‘ಒಂದು ದೇವದಾರು, ಒಂದು ಹಪುಷೆ, ಯಾವುದು ಯಾವುದು’ ಅಂತ. ಒಂದು ದೇವದಾರು ಅಂತ ನೀವೇ ಹೇಳಿದ ಮೇಲೆ ಪಾಪ ಸರ್ ಎಂತ ಮಾಡ್ಬೇಕು? ಎರಡರಲ್ಲಿ ಸೂಜಿ ಇದ್ದದ್ದನ್ನು ಆರಿಸಿದ್ರು. ಕಣ್ಣು ಸರಿ ಇದ್ದವರೂ ಅದನ್ನೇ ಹೇಳ್ತಿದ್ರು.”

ನಾನು ಬೆಚ್ಚಿದೆ. ಪ್ರಮಾಣಶಾಸ್ತ್ರವನ್ನು ನಲವತ್ತು ವರ್ಷ ಓದಿಸಿದವನಿಗೆ ಇದು ಹೊಳೆಯದೆ ಹೋಯಿತೇ! ಪ್ರಶ್ನೆಯಲ್ಲಿಯೇ ಸುಳ್ಳಿದ್ದರೆ ಉತ್ತರ ಯಾವುದಕ್ಕೂ ಸಾಕ್ಷಿಯಲ್ಲ. ಆ ಉತ್ತರದಿಂದ ಕಣ್ಣುಂಟೆಂದೂ ಸಿದ್ಧವಾಗದು, ಇಲ್ಲವೆಂದೂ ಸಿದ್ಧವಾಗದು. ಅಷ್ಟೇ ಅಲ್ಲ, ಸೂಜಿಯೆಂದು ತಿಳಿದದ್ದಾದರೂ ಹೇಗೆ? ಕಣ್ಣಿನ ಅಂಚಿನಲ್ಲಿ ಅಷ್ಟು ಕಂಡಿತ್ತೇ, ಅಥವಾ ಎರಡರಲ್ಲೊಂದನ್ನು ಊಹಿಸಿದರೇ?

“ಹಾಗಾದ್ರೆ ಇನ್ನೊಮ್ಮೆ ಪರೀಕ್ಷೆ ಮಾಡುವ,” ಎಂದು ಯಶೋಧಮ್ಮ ಎದ್ದು ನಿಂತೇಬಿಟ್ಟರು. “ಜುಲೈಕಾ, ಬೇರೆ ರೆಂಬೆ ತರಿಸ್ಲಿಕ್ಕೆ ಆಗ್ತದಾ?”

“ಆಗ್ತದೆ ಅಕ್ಕ. ಕೊರಿಯರಿನಲ್ಲಿ ತರಿಸುವ. ಈ ಸಲ ಲವಂಗ ಬೇಡ.”

“ಲವಂಗ ಇಲ್ಲದಿದ್ರೆ ವಾಸನೆ ಬರ್ತದೆ.”

“ಬರ್ಲಿ ಅಂತ ತಾನೇ ನೀವು ಹೇಳಿದ್ದು?”

ಯಶೋಧಮ್ಮ ಕುಳಿತುಬಿಟ್ಟರು. ಕೈ ಆ ಪಾತ್ರೆಯ ಮುಚ್ಚಳದ ಮೇಲೆ ಇತ್ತು. ಲವಂಗ ಹಾಕಿದರೆ ಪರೀಕ್ಷೆ ನಿಜವಾಗುತ್ತದೆ; ಹಾಕದಿದ್ದರೆ ಅಣ್ಣ ಗೆಲ್ಲುತ್ತಾರೆ. ಎರಡರಲ್ಲಿ ತಮಗೆ ಬೇಕಾದದ್ದು ಯಾವುದೆಂದು ಆಕೆ ಮೊದಲ ಸಲ ತಮ್ಮನ್ನೇ ಕೇಳಿಕೊಳ್ಳುತ್ತಿರುವುದನ್ನು ನಾನು ಕಂಡೆ.

“ಅವರು ಇಡೀ ಜೀವನ ಯಾರಿಗೂ ಗ್ರೇಸ್ ಮಾರ್ಕ್ಸ್ ಕೊಟ್ಟವರಲ್ಲ,” ಎಂದರು ಕೊನೆಗೆ. “ನನಗೂ ಕೊಟ್ಟವರಲ್ಲ. ನಾನು ಮೆಟ್ರಿಕ್ಕಿನಲ್ಲಿ ಫೇಲಾದದ್ದು ಅವರು ಲೆಕ್ಕ ಹೇಳಿಕೊಡದೆ. ‘ನೀನೇ ಮಾಡು, ಬರ್ತದೆ’ ಅಂತ. ಬರ್ಲಿಲ್ಲ.” ನಕ್ಕರು; ಆ ನಗೆಯಲ್ಲಿಯೇ ಸೆರಗನ್ನು ಸರಿಪಡಿಸಿಕೊಂಡು ಎದ್ದರು. “ನಡೆಯಿರಿ ಪಂಡಿತರೇ. ನಾನೇ ಹೋಗಿ ಹೇಳ್ತೇನೆ.”

“ಏನೆಂದು?”

“ನಡೆದದ್ದೆಲ್ಲ. ಕಣ್ಣು ಅವರದ್ದು. ಎಷ್ಟು ಕಾಣ್ತದೆ ಅಂತ ನಾವು ಮೂರು ಜನ ಅಡುಗೆಮನೆಯಲ್ಲಿ ಕೂತು ತೀರ್ಮಾನ ಮಾಡುದು ಎಂತ?”

೮

ಸ್ತ್ರೀ ಒಬ್ಬಳೇ ಮುನಿಗಳ ಬಳಿ ಮಾತಾಡುವಂತಿಲ್ಲ, ಮೂರನೆಯವನೊಬ್ಬ ಇರಬೇಕು. ಆದ್ದರಿಂದ ನಾನು ಬೇಕು. ಆದರೆ ಬಸದಿಯ ಮೆಟ್ಟಿಲಲ್ಲಿ ಯಶೋಧಮ್ಮ ನಿಂತು ನನ್ನತ್ತ ತಿರುಗಿದರು.

“ಬನ್ನಿ, ಕೇಳಿ. ಆದರೆ ಒಳಗೆ ಆದದ್ದನ್ನು ಬರೆಯುವುದಿಲ್ಲ ಅಂತ ಮಾತು ಕೊಡಿ.”

“ಹಾಗಾದರೆ ಕಥೆ?”

“ಕಥೆ ನಿಮ್ಮದು. ಅವರು ನಿಮ್ಮವರಲ್ಲ.”

ಮಾತು ಕೊಟ್ಟೆ. ನಾನು ಕೊಟ್ಟ ಮಾತುಗಳಲ್ಲಿ ಇಷ್ಟು ಬೇಗ ವಿಷಾದವಾದದ್ದು ಇನ್ನೊಂದಿಲ್ಲ. ಓದುಗರು ಕೋಪಿಸಿಕೊಳ್ಳುತ್ತಾರೆಂದು ಆಮೇಲೆ ಚೌಕಾಸಿ ಮಾಡಿ ಕೆಲವು ವಾಕ್ಯಗಳಿಗೆ ಅನುಮತಿ ಪಡೆದೆ. ಅವು ಇವು.

ಯಶೋಧಮ್ಮ ಏಳು ಮೊಳ ದೂರದಲ್ಲಿ ನಿಂತು, ಕಿನ್ನೌರಿನಿಂದ ಹಿಡಿದು ಲವಂಗದ ಪಾತ್ರೆಯವರೆಗೆ ಎಲ್ಲವನ್ನೂ ಹೇಳಿದರು. ಗ್ರೇಸ್ ಮಾರ್ಕ್ಸಿನ ಮಾತನ್ನೂ ಬಿಡಲಿಲ್ಲ. ಹೇಳುವಾಗ ಒಮ್ಮೆ, ಒಂದೇ ಒಂದು ಸಲ, ಅಣ್ಣ ಎಂದರು. ಮುನಿಶ್ರೀ ತಿದ್ದಲಿಲ್ಲ.

ಅವರು ನಕ್ಕರೋ ಇಲ್ಲವೋ ಬರೆಯಲು ಅನುಮತಿಯಿಲ್ಲ.

ಆಮೇಲೆ ಅವರು ಮುಖವನ್ನು ಓರೆ ಮಾಡಿದರು. ಕಣ್ಣಿನ ಆ ಉಳಿದ ಅಂಚಿನೊಳಗೆ ಈ ಸಲ ಬಂದದ್ದು ರೆಂಬೆಯಲ್ಲ, ನಾನು.

“ತಟ್ಟೆ ಹಿಡಿದವರು ನೀವು, ಪಂಡಿತರೇ. ಕಣ್ಣು ಸರಿಯಿದೆ. ಬೆಳಕಿತ್ತು. ನಿಮಗೆ ಆಗ ಏನು ಕಂಡಿತು?”

ನನಗೆ ಕಂಡಿತ್ತೇ? ಕಂಡಿತ್ತೆಂದರೆ ಏನು ಕಂಡಿತ್ತು? ಕೇಳಿದ್ದನ್ನು ಕಂಡೆನೆಂದು ಬಗೆದೆನೇ? ಅವರಿಗಿಂತ ನನಗೆ ಒಂದು ಹುರುಪೆಯಷ್ಟಾದರೂ ಹೆಚ್ಚು ಕಂಡಿತ್ತೇ? ಇಲ್ಲವಾದರೆ ಅವರಿಗೆ ಕಾಣಲಿಲ್ಲವೆಂದು ಯಾವ ಬಾಯಿಂದ ಸಾಕ್ಷಿ ಹೇಳಲಿ? ಆಚಾರ್ಯರಿಗೆ ನಾನು ಏನು ತಿಳಿಸಬೇಕೆಂಬುದು ಈ ಪ್ರಶ್ನೆಗೆ ನಾನು ಕೊಡುವ ಉತ್ತರದಲ್ಲಿದೆಯೆಂದು ಅವರಿಗೆ ತಿಳಿದಿತ್ತು. ಬಾಗಿಲ ಬಳಿ ನಿಂತವರಿಗೂ ತಿಳಿದಿತ್ತು. ಅವರಿಬ್ಬರೂ ಕಾಯುತ್ತಿದ್ದರು, ಒಬ್ಬರು ಹಲಗೆಯ ಮೇಲೆ, ಒಬ್ಬರು ಹೊಸ್ತಿಲಿನಾಚೆ, ಒಂದೇ ಮನೆಯಲ್ಲಿ ಬೆಳೆದವರು ಕಾಯುವ ಹಾಗೆ, ತಲೆಯನ್ನು ಒಂದೇ ಬದಿಗೆ ವಾಲಿಸಿ.

ನಾನು ಉತ್ತರ ಕೊಟ್ಟೆ. ಅನುಮತಿ ಇಲ್ಲಿಯವರೆಗೆ ಮಾತ್ರ.